ಪುಡಿಯಕ್ಕನ ಉಪಕಾರಸ್ಮರಣೆ

ರಕ್ತನಿಧಿಯಲ್ಲಿ ದಾನಿಗಳ ರಕ್ತದಿಂದ ಬೇರ್ಪಡಿಸಿದ ಪ್ಲಾಸ್ಮಾ ಎಂಬ ದ್ರವವನ್ನು ಯಂತ್ರದಲ್ಲಿ ಒಣಗಿಸಿ ಹಳದಿ ಪುಡಿ ಮಾಡುವವಳೆಂದು ಅವಳನ್ನು ಎಲ್ಲರೂ ಪುಡಿಯಕ್ಕ ಎನ್ನುತ್ತಿದ್ದರು. ಆ ಪುಡಿ ಯಾರದೆಂದು ಹನ್ನೊಂದು ವರ್ಷ ಅವಳು ತಲೆಕೆಡಿಸಿಕೊಂಡವಳಲ್ಲ. ಲಾರಿ ಮಗುಚಿ ಅವಳ ತಮ್ಮನ ಮೈಯ ರಕ್ತ ಹರಿದುಹೋದಾಗ, ಆಸ್ಪತ್ರೆಯವರು ಅಂಥದೇ ಪುಡಿಗೆ ಶುದ್ಧ ನೀರು ಬೆರೆಸಿ ನರಕ್ಕೆ ಏರಿಸಿ ಜೀವ ಉಳಿಸಿದರು.

ಚೇತರಿಸಿಕೊಂಡ ತಮ್ಮ ಕೇಳಿದ, "ಅಕ್ಕಾ, ಅದು ಯಾರು ಕೊಟ್ಟಿದ್ದು?"

"ಗೊತ್ತಿಲ್ಲ ಕಣೋ. ಬಾಟಲಿ ಮೇಲೆ ಬರೀ ನಂಬರ್ ಇರುತ್ತೆ."

"ಅಲ್ಲೇ ಕೆಲಸ ಮಾಡ್ತೀಯ, ಅಷ್ಟೂ ಗೊತ್ತಿಲ್ವಾ?"

ಮರುದಿನ ಅವಳು ಒಣಗಿಸುವ ಕೋಣೆಗೆ ಹೋಗದೆ, ರಕ್ತ ಕೊಡಲು ಕುಳಿತವರ ಮುಖಗಳನ್ನೇ ನೋಡುತ್ತ ನಿಂತಳು. ತಮ್ಮನನ್ನು ಉಳಿಸಿದವರು ಇವರೋ, ಅವರೋ, ತಿಳಿಯಲಿಲ್ಲ. ಕೊನೆಗೆ, ರಕ್ತ ಕೊಟ್ಟು ತೋಳು ಮಡಚಿಕೊಂಡು ಹೊರಟ ಹೆಂಗಸೊಬ್ಬರಿಗೆ, "ತುಂಬಾ ಉಪಕಾರ ಆಯ್ತಮ್ಮ" ಎಂದಳು.

"ನನ್ನ ಪರಿಚಯ ಇದೆಯಾ ನಿಮಗೆ?"

"ಅದೇ ನನಗೂ ಗೊತ್ತಾಗ್ತಿಲ್ಲ" ಎಂದಳು ಪುಡಿಯಕ್ಕ.