ಹೊರಸಿನಿಂದ ಇಳಿಸಲಿಲ್ಲ

ಬೈಲಹೊಂಗಲದ ದವಾಖಾನೆಯಲ್ಲಿ ಅವ್ವನ ಕಾಟಿನ ಪಕ್ಕದ ಸ್ಟೂಲಿನ ಮೇಲೆ ನಾಲ್ಕು ದಿನ ಕುಳಿತಿದ್ದೆ. ಮೂವತ್ತು ವರ್ಷ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿದವನು ನಾನು. ಸುಮ್ಮನೆ ಕೂತರೂ ತಲೆ ಸುಮ್ಮನಿರುವುದಿಲ್ಲ. ‘ಕಾಟ್’ ಎಂಬ ಇಷ್ಟು ಸಣ್ಣ ಇಂಗ್ಲಿಷ್ ಪದ ಎಲ್ಲಿಂದ ಬಂತೆಂದು ಮೊಬೈಲಿನಲ್ಲಿ ಹುಡುಕತೊಡಗಿದೆ. ಸಂಸ್ಕೃತದ ಖಟ್ವಾ, ಅದರಿಂದ ಹಿಂದಿಯ ಖಾಟ್. ಇಲ್ಲಿಗೆ ಬಂದ ಇಂಗ್ಲಿಷರು ಅದನ್ನೇ ಎತ್ತಿಕೊಂಡು ಹೋದರು. ಖಟ್ವಾದ ಬೇರು ತಮಿಳಿನ ಕಟ್ಟಿಲ್‌ನಂಥ ದ್ರಾವಿಡ ಪದದಲ್ಲಿದೆ ಎಂದು ವಾದಿಸುವವರೂ ಇದ್ದಾರೆ. ಹಾಗಿದ್ದರೆ ನಮ್ಮ ಕಡೆಯಿಂದಲೇ ಹೊರಟ ಪದ ಊರೆಲ್ಲ ಸುತ್ತಿ, ಕಬ್ಬಿಣದ ಕಾಲು ಹಚ್ಚಿಕೊಂಡು ಈ ವಾರ್ಡಿಗೆ ಬಂದು ನಿಂತಿದೆ! ನನಗೆ ಖುಷಿಯೋ ಖುಷಿ. ಎದುರಿಗೇ ಅವ್ವ ಏದುಸಿರು ಬಿಡುತ್ತಿದ್ದಳು.

ಅವಳಿಗೆ ಅದು ಕಾಟೂ ಅಲ್ಲ, ಮಂಚವೂ ಅಲ್ಲ. ನೇಸರಗಿಯ ಮನೆಯ ಹಗ್ಗದ್ದಿರಲಿ, ಇಲ್ಲಿಯ ಕಬ್ಬಿಣದ್ದಿರಲಿ, ಎಲ್ಲವೂ ಹೊರಸು. ಹೊರಸಿನ ಮೇಲೆ ಜೀವ ಹೋಗಬಾರದು, ಕಡೆಯ ಉಸಿರು ನೆಲದ ಮೇಲೇ ಆಗಬೇಕು ಎಂಬುದು ನಮ್ಮ ಮನೆಯ ಕಟ್ಟಳೆ. ಅಪ್ಪನನ್ನು ಅವಳೇ ಕಂಬಳಿ ಹಾಸಿ ಇಳಿಸಿದ್ದಳು.

ನಾಲ್ಕನೆಯ ದಿನ ಮಧ್ಯಾಹ್ನ ಅವ್ವ ನನ್ನ ತೋಳು ಹಿಡಿದಳು. “ನನ್ನ ಕೆಳಗ ಇಳಸೋ ಯಪ್ಪಾ.”

“ಸಲಾಯಿನ್ ಹಚ್ಯಾರ. ಸುಮ್ನ ಮಕ್ಕೋಬೇ,” ಅಂದೆ.

“ಹೊರಸ ಬ್ಯಾಡೋ ನನಗ. ನೆಲಕ್ಕ ಹಾಕು.”

ಅಲ್ಲೇ ಇದ್ದ ನರ್ಸ್, “ಇಳಸೂಣ ಬರ್ರಿ ಸರ, ನಾನೂ ಹಿಡೀತೇನಿ,” ಎಂದಳು. ಬೇಡವೆಂದವನು ನಾನೇ. ಇಳಿಸಿದರೆ ಅವ್ವ ಸಾಯುತ್ತಾಳೆಂದು ಒಪ್ಪಿಕೊಂಡಂತಾಗುತ್ತದಲ್ಲ ಎಂಬ ಹೆದರಿಕೆ ಒಂದು. ಓದಿದವನು ನಾಲ್ಕು ಜನರ ಮುಂದೆ ಹೀಗೆ ಮಾಡುವುದೇ ಎಂಬ ನಾಚಿಕೆ ಇನ್ನೊಂದು. ಸುಳ್ಳೇಕೆ ಹೇಳಲಿ, ನಾಚಿಕೆಯೇ ಹೆಚ್ಚಾಗಿತ್ತು. ಮತ್ತೆ ಮೊಬೈಲು ನೋಡಿದೆ. ತಲೆ ಎತ್ತುವಷ್ಟರಲ್ಲಿ ಅವ್ವ ಹೋಗಿದ್ದಳು, ಒಂದು ಕಾಲನ್ನು ಕಾಟಿನಿಂದ ಕೆಳಗೆ ಇಳಿಬಿಟ್ಟುಕೊಂಡು. ಅದು ನೆಲ ಮುಟ್ಟಿರಲಿಲ್ಲ.

ಸಂಜೆ ಮನೆಯಲ್ಲಿ ಅವ್ವನಿಗೆ ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸಿದ್ದರು. ರಾಮದುರ್ಗದಿಂದ ಓಡಿ ಬಂದ ಅಕ್ಕ ಅಳುವುದಕ್ಕೂ ಮೊದಲು ಕೇಳಿದಳು: “ನೆಲಕ್ಕ ಇಳಿಸಿದ್ದೇನೋ?”

“ಹೂಂ,” ಅಂದೆ.

ಅಕ್ಕ ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. “ಅಷ್ಟಾದ್ರೂ ಮಾಡಿದೆಲ್ಲೋ ತಮ್ಮಾ. ಅವ್ವ ನಿನ್ನ ಮ್ಯಾಗ ಜೀವಾ ಇಟ್ಟಿದ್ಲು.”