ಗುಂಡುಸೂಜಿಯ ಗಾಡಿ

ನನ್ನ ತಂಗಿ ಟೈಲರ್. ಹೊಸ ಬಟ್ಟೆ ಹೊಲಿಯುವುದಕ್ಕಿಂತ ಹಳೆಯದನ್ನು ಬಿಚ್ಚಿ ಸರಿಮಾಡುವುದರಲ್ಲಿ ಅವಳಿಗೆ ಹೆಸರು. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಕೆಳಗೆ ಅವಳ ಅಂಗಡಿ. ತೂಕ ಇಳಿಸಿದವರು ಪ್ಯಾಂಟಿನ ಸೊಂಟ ಬಿಗಿ ಮಾಡಿಸಲು ಬರುತ್ತಾರೆ. ಕೆಲವು ತಿಂಗಳಾದ ಮೇಲೆ ಅವರೇ ಅದನ್ನು ಸಡಿಲ ಮಾಡಿಸಲು ಬರುತ್ತಾರೆ. ಅವಳು ಯಾರನ್ನೂ ಏನೂ ಕೇಳುವುದಿಲ್ಲ. ಹೊಟ್ಟೆಯ ಸಮಾಚಾರ ಟೇಪಿಗೆ ಗೊತ್ತಾದರೆ ಸಾಕು ಎನ್ನುತ್ತಾಳೆ.

ಅರವತ್ತು ದಾಟಿದ ಮೇಲೆ ಅವಳು ರೋಬೋಟ್ ಕಟ್ಟಲು ಹೊರಟದ್ದಕ್ಕೆ ಕಾರಣ ಕೆಟ್ಟುಹೋದ ಹೊಲಿಗೆ ಯಂತ್ರ. ರಿಪೇರಿಗೆ ಬಂದ ಮೆಕ್ಯಾನಿಕ್ ಅದರೊಳಗಿನ ಹಸಿರು ಬೋರ್ಡನ್ನು ಹೊರಗೆಳೆದು ತೋರಿಸಿದ.

"ಇಲ್ಲೊಂದು ಚಿಪ್ ಇದೆಯಲ್ಲ ಅಮ್ಮ, ಇದಕ್ಕೆ ಮೈಕ್ರೋಕಂಟ್ರೋಲರ್ ಅಂತಾರೆ. ನಾವು ಏನು ಬರೆದು ತುಂಬಿಸ್ತೀವೋ ಅಷ್ಟನ್ನೇ ಮಾಡುತ್ತೆ."

"ಹೇಳಿದ ಮಾತು ಹಾಗೇ ಕೇಳುತ್ತಾ?"

"ಚಾಚೂ ತಪ್ಪದೆ ಕೇಳುತ್ತೆ."

"ಹಾಗಾದ್ರೆ ನಮ್ಮನೇಲೂ ಅಂಥದ್ದೊಂದು ಇರಲಿ," ಎಂದು ಅವಳು ಗಂಡನ ಕಡೆ ನೋಡಿದಳು. ಬಸ್ ಡ್ರೈವರ್ ಆಗಿ ನಿವೃತ್ತನಾದ ಆತ ಪೇಪರಿನಿಂದ ತಲೆ ಎತ್ತಲಿಲ್ಲ.

ತಮಾಷೆಗೆ ಆಡಿದ ಮಾತು ಅಲ್ಲಿಗೇ ಮುಗಿಯಿತೆಂದು ನಾನು ತಿಳಿದಿದ್ದೆ. ಮುಗಿಯಲಿಲ್ಲ. ಸಾರ್ವಜನಿಕ ಗ್ರಂಥಾಲಯದ ಹಿಂಬದಿಯ ಹಾಲ್‌ನಲ್ಲಿ ಹವ್ಯಾಸಿಗಳದೊಂದು ಕ್ಲಬ್ ಇದೆ. ಎಲ್ಲರೂ ರೇಡಿಯೋ ಮಾಮ ಎಂದು ಕರೆಯುವ ಹಳೆಯ ರೇಡಿಯೋ ಮೆಕ್ಯಾನಿಕ್ ಒಬ್ಬರು ಅದರ ಕಾರ್ಯದರ್ಶಿ. ತಂಗಿ ಅಲ್ಲಿ ಸೇರಿಕೊಂಡಳು. ಅಂಗಡಿ ಮುಚ್ಚಿದ ಮೇಲೆ ಅಲ್ಲಿ ಹೋಗಿ ಕೂತು, ಮೊದಲು ಒಂದು ದೀಪ ಮಿನುಗಿಸುವುದನ್ನು, ಆಮೇಲೆ ಮೋಟಾರು ತಿರುಗಿಸುವುದನ್ನು, ಅದಾದ ಮೇಲೆ ಸೆನ್ಸರ್ ಎಂಬ ಪುಟ್ಟ ಕಣ್ಣಿನಿಂದ ಕಪ್ಪು ಯಾವುದು ಬಿಳಿ ಯಾವುದು ಎಂದು ಯಂತ್ರಕ್ಕೆ ತಿಳಿಯುವಂತೆ ಮಾಡುವುದನ್ನು ಕಲಿತಳು. ಪ್ರೋಗ್ರಾಂ ಬರೆಯಲು ಬೇಕಾದ ಇಂಗ್ಲಿಷ್ ಪದಗಳು ಬೆರಳೆಣಿಕೆಯಷ್ಟು. ಅರ್ಧವಿರಾಮ ಬಿಟ್ಟುಹೋಗಿ ಇಡೀ ಪ್ರೋಗ್ರಾಂ ಮುಷ್ಕರ ಹೂಡಿದಾಗ ಮಾತ್ರ ಬೈಯುತ್ತಿದ್ದಳು, ಅದೂ ಶುದ್ಧ ಕನ್ನಡದಲ್ಲಿ.

ಆ ಹಾಲ್‌ನಲ್ಲಿ ಕೆಲಸದ ಮೇಜುಗಳು ಕಡಿಮೆ, ಬೇಕೆನ್ನುವವರು ಹೆಚ್ಚು. ಆದ್ದರಿಂದ ಕ್ಲಬ್ಬಿಗೊಂದು ಕಟ್ಟುನಿಟ್ಟಾದ ನಿಯಮವಿದೆ. ಮೇಜು ಹಿಡಿದವರು ವಾರ್ಷಿಕ ಪ್ರದರ್ಶನದ ದಿನ ತಾವೇ ಕಟ್ಟಿ, ತಾವೇ ಪ್ರೋಗ್ರಾಂ ಬರೆದ ಯಂತ್ರವೊಂದನ್ನು ಯಾರೂ ಕೈ ಹಚ್ಚದಂತೆ ಓಡಿಸಿ ತೋರಿಸಬೇಕು. ಅವಕಾಶ ಒಂದೇ ಸಲ. ಓಡದಿದ್ದರೆ ಮೇಜು ಸರದಿಯಲ್ಲಿರುವವರಿಗೆ. ಹಿಂದಿನ ವರ್ಷ ತಂಗಿಯ ಯಂತ್ರ ಹೊರಟಲ್ಲೇ ಗಿರಕಿ ಹೊಡೆದು ನಿಂತಿತ್ತು; ಹೊಸಬಳೆಂದು ಬಿಟ್ಟಿದ್ದರು. ಈ ಸಲ ಆ ರಿಯಾಯಿತಿ ಇರಲಿಲ್ಲ. ಮೇಜು ಹೋದರೆ ಅವಳ ಈ ಕೆಲಸವೇ ನಿಲ್ಲುತ್ತಿತ್ತು. ಗಿರಾಕಿಗಳ ರೇಷ್ಮೆ ಸೀರೆಯ ಪಕ್ಕದಲ್ಲಿ ವೈರು ಬೆಸೆಯುವ ಕಾದ ಕಡ್ಡಿ ಇಡುವುದು ಸಾಧ್ಯವಿಲ್ಲ, ಮನೆಯಲ್ಲಿರುವುದು ಒಂದೇ ಮೇಜು, ಅದರ ಮೇಲೆ ಊಟ ಮಾಡಬೇಕು.

ಅವಳು ಕಟ್ಟಿದ್ದು ಗುಂಡುಸೂಜಿಯ ಡಬ್ಬಿ ಹೊತ್ತು ಸಾಗುವ ಗಾಡಿ. ಬಟ್ಟೆ ಕತ್ತರಿಸುವ ಮೇಜಿನಿಂದ ಹೊಲಿಗೆ ಯಂತ್ರದವರೆಗೆ ಕಪ್ಪು ಪಟ್ಟಿ ಅಂಟಿಸಿದರೆ, ಆ ಪಟ್ಟಿಯನ್ನು ಹಿಡಿದು ತಾನಾಗಿ ಹೋಗಬೇಕು. ಅದನ್ನು ಮೊದಲು ನೋಡಿದ ಅವಳ ಗಂಡ, "ಅಷ್ಟು ವರ್ಷ ಬಸ್ ಓಡಿಸಿದ್ದೀನಿ, ಒಂದು ದಿನಾನೂ ಗೆರೆ ಮೇಲೇ ಓಡಿಸಿಲ್ಲ," ಎಂದಿದ್ದ.

"ಅದಕ್ಕೇ ನಿಮ್ಮ ಬಸ್ಸಿಗೆ ಅಷ್ಟೊಂದು ಗೀರು," ಎಂದಳು ತಂಗಿ.

ಪ್ರೋಗ್ರಾಂ ಬರೆದ ರೀತಿಯಲ್ಲಿ ಅವಳ ಕಸುಬು ಕಾಣುತ್ತಿತ್ತು. ತಿರುವಿನಲ್ಲಿ ಗೆರೆ ತಪ್ಪಿದರೆ ಗಾಡಿ ಮೊದಲು ನಿಲ್ಲಬೇಕು, ಸ್ವಲ್ಪ ಹಿಂದೆ ಬರಬೇಕು, ಆಮೇಲೆ ಎಡಬಲ ಹುಡುಕಬೇಕು. ಹೊಲಿಗೆ ಓರೆಯಾದಾಗ ಅವಳು ಮಾಡುವುದೂ ಅದನ್ನೇ. ಪಕ್ಕದ ಮೇಜಿನ ಕಾಲೇಜು ಹುಡುಗಿಯ ಪ್ರೋಗ್ರಾಂ ಹಾಗಲ್ಲ. ಗೆರೆ ತಪ್ಪಿದರೂ ನಿಲ್ಲದೆ, ತಲೆ ಆಡಿಸುತ್ತಾ ನುಗ್ಗುತ್ತಿತ್ತು. ಪ್ರದರ್ಶನದ ಹಿಂದಿನ ದಿನ ಮೋಟಾರು ಪರೀಕ್ಷಿಸಲೆಂದು ತಂಗಿ ಆ ಹುಡುಗಿಯ ಪ್ರೋಗ್ರಾಮನ್ನು ತನ್ನ ಗಾಡಿಯ ಬೋರ್ಡಿಗೆ ತುಂಬಿಸಿ ನೋಡಿದ್ದಳು. ಮರುದಿನ ಬೆಳಿಗ್ಗೆ ತನ್ನ ಸ್ವಂತದ್ದನ್ನು ತುಂಬಿಸಿದಳು. ಕಂಪ್ಯೂಟರ್ ಆಯಿತು ಎಂದಿತು. ಅವಳು ಗಾಡಿಯನ್ನು ಎತ್ತಿಕೊಂಡು ಹಾಲ್‌ನ ನಡುವಿಗೆ ಹೋದಳು.

ನಾನು ಮುಂದಿನ ಸಾಲಿನಲ್ಲಿ ಕೂತಿದ್ದೆ. ಬಿಳಿ ಹಲಗೆಯ ಮೇಲೆ ಕಪ್ಪು ಪಟ್ಟಿಯ ದಾರಿ, ಅದಕ್ಕೆ ಮೂರು ತಿರುವು. ಮೇಜಿಗಾಗಿ ಸರದಿಯಲ್ಲಿದ್ದ ಗಡಿಯಾರ ರಿಪೇರಿಯವನು ಹಲಗೆಯ ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದ. ತಂಗಿ ಗುಂಡಿ ಒತ್ತಿದಳು. ಗಾಡಿ ಬಾಣದಂತೆ ಹೊರಟಿತು. ತಿರುವಿನಲ್ಲಿ ತಲೆ ಆಡಿಸಿತು, ಒಂದಿಷ್ಟು ಸೂಜಿ ಚೆಲ್ಲಿತು, ಎಲ್ಲೂ ನಿಲ್ಲದೆ ಕೊನೆ ಮುಟ್ಟಿತು. ಹಾಲ್ ತುಂಬ ಚಪ್ಪಾಳೆ. ಅವಳ ಗಂಡ ಸೀಟಿ ಹೊಡೆದ.

ತಂಗಿ ಮಾತ್ರ ಗಾಡಿಯನ್ನೇ ನೋಡುತ್ತಿದ್ದಳು. ಮುಖ ಬಿಗಿದುಕೊಂಡಿತ್ತು.

"ಸರಿ, ಮೇಜು ನಿಮ್ಮದೇ," ಎಂದರು ರೇಡಿಯೋ ಮಾಮ.

"ಸ್ವಲ್ಪ ಇರಿ," ಎಂದಳು ಅವಳು. "ಇದು ನನ್ನ ಪ್ರೋಗ್ರಾಂ ಅಲ್ಲ. ನಂದು ತಿರುವಲ್ಲಿ ನಿಲ್ಲುತ್ತೆ."

ಅವಳು ತನ್ನ ಮೇಜಿಗೆ ಹೋಗಿ ನೋಡಿದಳು. ಕಂಪ್ಯೂಟರಿನ ಕೇಬಲ್ಲು ಅಲ್ಲಿ ಬಿದ್ದಿದ್ದ ಇನ್ನೊಂದು ಬೋರ್ಡಿಗೆ ಸಿಕ್ಕಿಕೊಂಡಿತ್ತು. ಗಾಡಿಯೊಳಗಿನ ಬೋರ್ಡೂ ಇದೂ ಅವಳಿಜವಳಿಯಂತೆ ಒಂದೇ ತರಹ. ಬೆಳಿಗ್ಗೆ ಅವಳ ಪ್ರೋಗ್ರಾಂ ಹೋಗಿ ಕೂತದ್ದು ಇದರಲ್ಲಿ. ಗಾಡಿಯಲ್ಲಿ ಉಳಿದಿದ್ದು ಹುಡುಗಿಯದು.

ಕಾಲೇಜು ಹುಡುಗಿ ಓಡಿ ಬಂದು ಅವಳ ಕೈ ಹಿಡಿದಳು. "ಅಯ್ಯೋ ಸುಮ್ನಿರಿ ಆಂಟಿ! ಅದು ನಂದು ಅಂತ ನಾನೇನು ಕೇಳಿದ್ನಾ?"

"ನೀನು ಹೊಲಿದ ಕೋಟಿಗೆ ನನ್ನ ಅಂಗಡಿ ಲೇಬಲ್ ಹಚ್ಚಲಾ?" ಎಂದಳು ತಂಗಿ, ಎಲ್ಲರಿಗೂ ಕೇಳುವಂತೆ.

ರೇಡಿಯೋ ಮಾಮ ಕನ್ನಡಕ ತೆಗೆದು ಒರೆಸಿದರು. ಒಂದೇ ಸಲ ಎಂಬ ನಿಯಮ ಬರೆದವರು ಅವರೇ. ಅವರು ಗಡಿಯಾರದವನ ಕಡೆ ನೋಡಿದರು. "ನೀನೇನಂತೀಯಪ್ಪ? ಮೇಜು ಸಿಗಬೇಕಾದೋನು ನೀನು."

ಆತ ಗಲ್ಲ ಕೆರೆದುಕೊಂಡ. "ಇವರದ್ದು ಇನ್ನೂ ಓಡೇ ಇಲ್ವಲ್ಲ ಮಾಮ. ಓಡಲಿ. ಆದ್ರೆ ನಡುವೆ ನಿಂತುಬಿಟ್ರೆ ಮೇಜು ನಂದು, ಆಮೇಲೆ ಕಣ್ಣೀರು ಗಿಣ್ಣೀರು ಅನ್ನಬಾರದು."

"ಕಣ್ಣೀರು ನಂಗೆ ಬರಲ್ಲ, ಪುರುಸೊತ್ತಿಲ್ಲ," ಎಂದಳು ತಂಗಿ.

ಈ ಸಲ ಕೇಬಲ್ಲನ್ನು ಗಾಡಿಗೇ ಸಿಕ್ಕಿಸಿ, ಕೊನೆತನಕ ಬೆರಳಿನಿಂದ ಸವರಿ ನೋಡಿ, ಪ್ರೋಗ್ರಾಂ ತುಂಬಿಸಿದಳು. ಗುಂಡಿ ಒತ್ತಿದಳು. ಗಾಡಿ ನಿಧಾನವಾಗಿ ಹೊರಟಿತು. ಮೊದಲ ತಿರುವಿನಲ್ಲಿ ನಿಂತಿತು, ಹಿಂದೆ ಬಂತು, ಗೆರೆ ಹುಡುಕಿಕೊಂಡು ಮುಂದೆ ಹೋಯಿತು. ಎರಡನೆಯದರಲ್ಲಿ ನಿಂತದ್ದು ಅಲುಗಾಡಲಿಲ್ಲ.

"ಗೇರ್ ಹಾಕೇ!" ಎಂದು ಅವಳ ಗಂಡ ಕೂಗಿದ.

"ಬಾಯಿ ಮುಚ್ಕೊಂಡಿರ್ರೀ!"

ಗಡಿಯಾರದವನು ಬಗ್ಗಿ ನೋಡಿದ. ಗಾಡಿ ಹಿಂದೆ ಬಂತು, ಎಡಕ್ಕೆ ಹುಡುಕಿತು, ಸಿಗಲಿಲ್ಲ. ಇನ್ನಷ್ಟು ಹಿಂದೆ ಬಂದು ಬಲಕ್ಕೆ ಹುಡುಕಿತು. ತಂಗಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು. ಕೈ ಹಚ್ಚಿದರೆ ಮುಗಿಯಿತು. ಗಾಡಿ ಗೆರೆಯ ಅಂಚನ್ನು ಮುಟ್ಟಿತು, ನೆಟ್ಟಗಾಯಿತು, ಹೊರಟಿತು. ಮೂರನೆಯ ತಿರುವನ್ನು ದಾಟಿ, ಒಂದು ಸೂಜಿಯೂ ಬೀಳದಂತೆ ಕೊನೆಗೆ ಹೋಗಿ ನಿಂತಿತು.

ನಾನು ಜೀವಮಾನವಿಡೀ ವಿಶ್ವವಿದ್ಯಾಲಯದಲ್ಲಿ ಪರೀಕ್ಷಕಳಾಗಿದ್ದವಳು. ಡಾಕ್ಟರೇಟಿಗೆ ಬಂದವರಿಗೂ ಎದ್ದು ನಿಂತು ಚಪ್ಪಾಳೆ ತಟ್ಟಿದವಳಲ್ಲ. ಆ ದಿನ ಎದ್ದು ನಿಂತೆ. ಮಂಡಿ ನೋವಿತ್ತು, ಆದರೂ ಚಪ್ಪಾಳೆ ನಿಲ್ಲುವವರೆಗೆ ಕೂರಲಿಲ್ಲ.

ರೇಡಿಯೋ ಮಾಮ ಮೇಜು ಅವಳದೇ ಎಂದು ಎರಡನೆಯ ಬಾರಿ ಹೇಳಿದರು. ಗಡಿಯಾರದವನು, "ಆ ಹಿಂದೆ ಬರೋದಿದೆಯಲ್ಲ, ಅದನ್ನ ಹೇಗೆ ಬರೆದ್ರಿ?" ಎಂದು ಕೇಳಿದ. ದನಿಯಲ್ಲಿ ನಿರಾಸೆಯಿತ್ತು, ಕುತೂಹಲವೂ ಇತ್ತು. ತಂಗಿ ಪಕ್ಕದ ಸ್ಟೂಲನ್ನು ಕಾಲಿನಿಂದಲೇ ಅವನ ಕಡೆ ತಳ್ಳಿದಳು.

ಮನೆಗೆ ನಡೆದು ಹೋಗುವಾಗ ನಾನು, "ಚೆನ್ನಾಗಿ ಮಾಡಿದೆ," ಎಂದೆ. ನನ್ನ ಬಾಯಿಂದ ಆ ಮಾತು ಸುಲಭಕ್ಕೆ ಬರುವುದಿಲ್ಲವೆಂದು ಅವಳಿಗೆ ಗೊತ್ತು.

"ಎರಡನೇ ತಿರುವು ಚೆನ್ನಾಗಿ ಬರಲಿಲ್ಲ ಅಕ್ಕ," ಎಂದಳು. "ಸೋಮವಾರ ಹೋಗಿ ಬಿಚ್ಚಬೇಕು."