ಮಲ್ಲಿಗಮ್ಮನ ಎಡೆಯಲ್ಲಿ ನಸ್ಯ

ಪಿಂಚಣಿ ಪಡೆಯುವವರಲ್ಲಿ ಯಾರು ಬದುಕಿದ್ದಾರೆ, ಯಾರು ಸತ್ತಿದ್ದಾರೆ ಎಂದು ನೋಡಿಕೊಂಡು ಬರುವುದು ಮಹಾಲಿಂಗನ ಕೆಲಸ. ಯಮನ ಕೆಲಸವೇ, ಕೋಣದ ಬದಲು ಎಷ್ಟು ಒದ್ದರೂ ಏಳದ ಬೈಕು, ಅಷ್ಟೆ. ಅದೂ ಹೊರಗುತ್ತಿಗೆ. ಗುಂಡ್ಲುಪೇಟೆಯ ಕಚೇರಿಯಲ್ಲಿ ತನ್ನ ಹುದ್ದೆಗೇ ಜೀವವಿದೆಯೋ ಇಲ್ಲವೋ ಎಂಬುದು ಅವನಿಗೆ ಖಾತ್ರಿಯಿರಲಿಲ್ಲ. ಒಂದಾದರೂ ಮೋಸ ಹಿಡಿದು ತಂದರೆ ಗುತ್ತಿಗೆ ಮುಂದುವರಿಸುತ್ತೇನೆ ಎಂದು ಮೇಲಧಿಕಾರಿ ಶಿವರುದ್ರಸ್ವಾಮಿ ಹೇಳಿದ್ದರು.

ಹಾಗಾಗಿ ಹಂಗಳ ಗ್ರಾಮದಿಂದ ಹೆಸರು ಹೇಳದ ಯಾರೋ ಫೋನ್ ಮಾಡಿ, "ಸೋಮಮ್ಮ ಸತ್ತು ವರ್ಷ ಆಯ್ತು, ಅವ್ಳ ವಿಧವಾ ಪಿಂಚಣಿ ಮಾತ್ರ ಸತ್ತಿಲ್ಲ" ಎಂದಾಗ, ಅವನು ಹಬ್ಬ ಹುಣ್ಣಿಮೆ ನೋಡದೆ ಹೊರಟ. ಅವತ್ತು ಮಹಾಲಯ ಅಮಾವಾಸ್ಯೆ. ಮನೆಮನೆಯಲ್ಲೂ ಸತ್ತವರಿಗೆ ಎಡೆ ಇಡುವ ದಿನ.

"ಬಂದ್ರಾ ಚಿತ್ರಗುಪ್ತ್ರು? ಅಮಾಸೆ ದಿನ್ವೇ?" ಎಂದ ಟೀ ಅಂಗಡಿಯ ಪುಟ್ಟಮಾದು. "ಸೋಮಮ್ಮ ಗಟ್ಟಿಗವ್ಳೆ ಬುಡಪ್ಪ. ಸತ್ತೋದವ್ಳು ತಂಗಿ ಮಲ್ಲಿಗಮ್ಮ. ಅವ್ಳ ಗಂಡ ಶುಂಠಿ ಕೆಲ್ಸಕ್ಕೆ ಅಂತ ವಯನಾಡಿಗೋದವ್ನು ತಿರ್ಗಿ ಬರ್ನಿಲ್ಲ. ಇತ್ಲಾಗೆ ಮುತ್ತೈದೆನೂ ಅಲ್ಲ, ಅತ್ಲಾಗೆ ಮುಂಡೇನೂ ಅಲ್ಲ. ಪಿಂಚಣಿ ಯಾರ್ ಕೊಟ್ಟಾರು? ಅಕ್ಕನ್ ಪಿಂಚಣೀಲೇ ಇಬ್ರೂ ಉಂಡ್ರು."

"ನೋಡೋಕೆ ಒಂದೇ ತರ ಇದ್ರಂತೆ?"

"ಒಂದೇ ಅಚ್ಚು ಕಣ. ನಸ್ಯ ಏರ್ಸದು ಅಕ್ಕ, ಅದ್ರ ಗಾಟಿಗೆ ಮೂಗ್ ಮುಚ್ಕಂಡು ಓಡದು ತಂಗಿ. ನಾವು ಗುರ್ತು ಇಡೀತಿದ್ದುದ್ದೇ ಅಂಗೆ. ತಂಗಿಗೆ ಸುಟ್ಟ ಗೆಣಸು ಅಂದ್ರೆ ಪ್ರಾಣ."

ಮನೆ ಊರಾಚೆ, ಕಾಡಂಚಿಗೆ ಬೆನ್ನು ಕೊಟ್ಟು ನಿಂತಿತ್ತು. ಗೋಡೆಯ ಮೇಲೆ ಮಲ್ಲಿಗಮ್ಮನ ಫೋಟೊ, ಅದಕ್ಕೊಂದು ಹಾರ. ಅದರ ಕೆಳಗೆ ಅದೇ ಮುಖ ಕುಳಿತಿತ್ತು.

ಶುಂಠಿ ಕಿತ್ತು, ಅರಿಸಿನ ಉಜ್ಜಿ ಮುದುಕಿಯ ಹೆಬ್ಬೆರಳಿನ ಗೆರೆಗಳೆಲ್ಲ ಸವೆದುಹೋಗಿದ್ದವು. ಬೆರಳಚ್ಚಿನ ಯಂತ್ರಕ್ಕೆ ಏನೂ ಹತ್ತಲಿಲ್ಲ. ಮುಖದ ಗುರುತಿಗೆಂದು ಮಹಾಲಿಂಗ ಮೊಬೈಲ್ ಎತ್ತಿ ಹಿಡಿದ. 'ಕಣ್ಣು ಮಿಟುಕಿಸಿ' ಎಂದಿತು ಅದು. ಅವಳು ಮಿಟುಕಿಸಿದಳು. ಮಹಾಲಿಂಗ ಗೋಡೆಯ ಫೋಟೊವನ್ನೂ ಒಮ್ಮೆ ನೋಡಿಕೊಂಡ. ಸದ್ಯ, ಅದು ಮಿಟುಕಿಸಲಿಲ್ಲ.

ಆಗ ಎಡೆಯ ಕಡೆ ಅವನ ಕಣ್ಣು ಹೋಯಿತು. ಬಾಡಿನ ಸಾರು, ವಡೆ, ಕಜ್ಜಾಯ, ಮಡಿಸಿಟ್ಟ ಸೀರೆ. ಗೆಣಸು ಇರಲಿಲ್ಲ. ಬಾಳೆ ಎಲೆಯ ತುದಿಯಲ್ಲಿ ನಸ್ಯದ ಡಬ್ಬಿ.

"ಇದು ಯಾರಿಗಮ್ಮ?"

"ಸತ್ತವ್ಳಿಗೆ."

"ಮಲ್ಲಿಗಮ್ಮಂಗೆ ನಸ್ಯ ಆಗ್ತಿರ್ಲಿಲ್ವಂತಲ್ಲ?"

ಮುದುಕಿ ಬತ್ತಿ ಸರಿಮಾಡಿದಳು. "ಸರ್ಕಾರಕ್ಕೆ ಏನ್ ಬೇಕಾರೂ ಏಳ್ಬೋದು ಕಣಪ್ಪ. ಎಡೆಗೆ ಬರೋರ್ಗೆ ಸುಳ್ಳು ಬಡ್ಸುದ್ರೆ ಅಸ್ಕಂಡು ಓಯ್ತರೆ. ಆಮ್ಯಾಕೆ ಅವ್ರು ಸುಮ್ಕಿದ್ದಾರಾ?"

ಹಾಗಾದರೆ ಸತ್ತವಳು ಸೋಮಮ್ಮ, ಇವಳು ಮಲ್ಲಿಗಮ್ಮ. ಸಿಕ್ಕಿಬಿದ್ದಳು. ಗುತ್ತಿಗೆ ಬದುಕಿತು.

ಎಡೆಗೆ ಬರುವವರು ಉಣ್ಣಲಿ ಎಂದು ಅವಳು ಅವನನ್ನೂ ಹೊರಗೆ ಕರೆದು, ಬಾಗಿಲು ಎಳೆದುಕೊಂಡಳು. ಮನೆಗೆ ಇದ್ದದ್ದು ಅದೊಂದೇ ಬಾಗಿಲು. ಇಬ್ಬರೂ ಜಗಲಿಯ ಮೇಲೆ ಕೂತರು. ಕಾಡಿನ ಕಡೆಯಿಂದ ಒಂದು ಹಕ್ಕಿಯ ಸದ್ದೂ ಇಲ್ಲ. ಅಷ್ಟರಲ್ಲಿ ಒಳಗೆ ಯಾರೋ ಸೀನಿದರು. ನಿಧಾನವಾದ, ತೃಪ್ತಿಯಾದ ಸೀನು.

"ಬಂದ್ಲು," ಎಂದಳು ಮುದುಕಿ.

ಬೆಕ್ಕು ಇರಬೇಕು ಎಂದುಕೊಂಡ ಮಹಾಲಿಂಗ. ಬೆಕ್ಕು ಸೀನುವುದನ್ನು ಅವನು ಕೇಳಿದ್ದ. ಸೀನಿದ ಮೇಲೆ 'ಶಿವಾ' ಅನ್ನುವುದನ್ನು ಕೇಳಿರಲಿಲ್ಲ. ಬೈಕು ಮೊದಲ ಒದೆತಕ್ಕೇ ಎದ್ದಿತು. ಅದಕ್ಕೂ ಕೇಳಿಸಿರಬೇಕು.

ಆದರೂ ವರದಿ ಬರೆದ. ಹೆದರಿಕೆಗಿಂತ ಹೊಟ್ಟೆ ದೊಡ್ಡದು.

ಚಳಿಗಾಲದಲ್ಲಿ ಚಾಮರಾಜನಗರದ ಕಚೇರಿಯಲ್ಲಿ ವಿಚಾರಣೆ. ಬೆರಳ ಗುರುತಿಲ್ಲ, ಹಳೆಯ ಫೋಟೊ ಇಬ್ಬರಿಗೂ ಹೊಂದುತ್ತದೆ, ಊರವರು ಒಂದೇ ಬಾಯಲ್ಲಿ ಸೋಮಮ್ಮ ಅಂತಾರೆ. ಇವಳು ಮಲ್ಲಿಗಮ್ಮ ಎಂದು ಮಹಾಲಿಂಗ ಗುರುತಿಸಿದರೆ ಸಾಕು, ಮುಂದಿನದು ಪೊಲೀಸರ ಕೆಲಸ, ಮುದುಕಿಗೆ ಜೈಲು.

"ಮಲ್ಲಿಗಮ್ಮ," ಎಂದು ಶಿವರುದ್ರಸ್ವಾಮಿ ಹಠಾತ್ತನೆ ಕೂಗಿ ನೋಡಿದರು. ಮುದುಕಿ ಯಾರನ್ನೋ ಕರೆಯುತ್ತಿದ್ದಾರೆ ಎಂಬಂತೆ ಬಾಗಿಲ ಕಡೆ ನೋಡಿದಳು. ಆಮೇಲೆ ಸೆರಗಿನ ಗಂಟು ಬಿಚ್ಚಿ, ಡಬ್ಬಿ ತೆಗೆದು, ಚಿಟಿಕೆ ನಸ್ಯ ಏರಿಸಿ, ನಿಧಾನವಾಗಿ, ತೃಪ್ತಿಯಾಗಿ ಸೀನಿದಳು.

"ಶಿವಾ."

ಮಹಾಲಿಂಗ ಒಂದು ಹೆಜ್ಜೆ ಹಿಂದೆ ಸರಿದ. ಬಾಗಿಲಾಚೆ ಕೇಳಿದ್ದ ಸೀನು ಅದೇ, ದನಿಯೂ ಅದೇ.

"ಹೇಳಯ್ಯ, ಯಾರಿವಳು?"

"ಸೋಮಮ್ಮ, ಸಾರ್."

ಹೇಳಿದ್ದು ಸುಳ್ಳೋ ನಿಜವೋ ಅವನಿಗೇ ತಿಳಿಯಲಿಲ್ಲ. ಕೇಸು ಮುಚ್ಚಿತು. ಅದರ ಜೊತೆಗೆ ಗುತ್ತಿಗೆಯೂ. ಬದುಕಿದವರನ್ನು ಗುರುತಿಸುವ ಕೆಲಸದ ಪಾಲಿಗೆ ಅವನು ಸತ್ತ.

ಬಸ್ ಸ್ಟ್ಯಾಂಡಿನ ಬೆಂಚಿನಲ್ಲಿ ಮುದುಕಿ ಅವನ ಪಕ್ಕ ಬಂದು ಕೂತಳು.

"ಬರೋ ಅಮಾಸೆಗೆ ನಮ್ ಮಲ್ಲಿಗಮ್ಮಂಗೆ ಎಡೆ ಮಡಗ್ಬೇಕು ಕಣಪ್ಪ. ಓದ್ಸಲ ನಸ್ಯ ಮಡಗಿ ತಪ್ ಮಾಡ್ಬುಟ್ಟೆ. ಅವ್ಳಿಗೆ ಏನಿಷ್ಟ ಅನ್ನದೇ ನೆಪ್ಪಿಗೆ ಬತ್ತಿಲ್ಲ. ನಿಂಗೇನಾರ ಗೊತ್ತಾ?"

ಅವಳು ಅಣಕಿಸುತ್ತಿದ್ದಾಳೆಯೇ ಎಂದು ಮಹಾಲಿಂಗ ಮುಖ ನೋಡಿದ. ಇಲ್ಲ, ನಿಜವಾಗಿಯೂ ಹುಡುಕುತ್ತಿದ್ದಳು.

"ಸುಟ್ಟ ಗೆಣಸು," ಎಂದ.

"ಗೆಣಸಾ?" ಮುದುಕಿ ಮುಖ ಕಿವಿಚಿದಳು. "ಅದ್ಯೆಂಗ್ ತಿಂತಿದ್ಲೊ ಕಾಣೆ."

ಗುಂಡ್ಲುಪೇಟೆ ಬಸ್ಸು ಬಂತು. ಅವಳೊಬ್ಬಳೇ ಹತ್ತಿ ಕಿಟಕಿಯ ಪಕ್ಕ ಕೂತು, ಬದಿಯ ಸೀಟಿನ ಮೇಲೆ ಚೀಲ ಇಟ್ಟಳು. ಯಾರೋ ಕೂರಲು ಬಂದರು.

"ಜನ ಅವ್ರೆ," ಎಂದಳು.